ಬೊಜ್ಜಿನ ಆಪರೇಷನ್ ಆದ ಮೇಲೆ ಸ್ಕ್ಯಾನ್ ಯಾವಾಗ ಬೇಕು? ಗೊತ್ತಿದ್ದವರು ಹೇಳಿ

ಸಕಲೇಶಪುರದ ತಂಗಿ

ನಮಸ್ಕಾರ ಎಲ್ಲರಿಗೂ. ನಮ್ಮ ಅಕ್ಕನಿಗೆ ಕಳೆದ ವಾರ ಬೆಂಗಳೂರಿನಲ್ಲಿ ಸ್ಲೀವ್ ಆಪರೇಷನ್ ಆಯಿತು. ಈಗ ಮನೆಗೆ ಬಂದಿದ್ದಾಳೆ. ನೀರು, ಗಂಜಿ ತಿಳಿ, ಎಳನೀರು ಅಂತ ಗುಟುಕು ಗುಟುಕಾಗಿ ಕುಡಿಯುತ್ತಿದ್ದಾಳೆ, ಓಡಾಡುತ್ತಿದ್ದಾಳೆ. ಜ್ವರ ಇಲ್ಲ.

ವಿಷಯ ಏನೆಂದರೆ, ಪಕ್ಕದ ಬೆಡ್‌ನಲ್ಲಿದ್ದವರಿಗೆ ಆಪರೇಷನ್ ಆದ ಮಾರನೇ ದಿನ ಏನೋ ದ್ರವ ಕುಡಿಸಿ ಎಕ್ಸ್-ರೇ ತೆಗೆದರು. ಅವರ ಡಾಕ್ಟರ್ ಬೇರೆ. ಅಕ್ಕನಿಗೆ ತೆಗೆಯಲಿಲ್ಲ. ಕೇಳಿದರೆ "ಈಗ ಎಲ್ಲರಿಗೂ ಮಾಡುವುದಿಲ್ಲ, ಬೇಕಿಲ್ಲ" ಅಂದರು. ಅಮ್ಮನಿಗೆ ಅದೇ ಚಿಂತೆ ಹಿಡಿದುಬಿಟ್ಟಿದೆ. ಒಳಗೆ ಏನಾದರೂ ಲೀಕ್ ಆಗಿದ್ದರೆ ಹೇಗೆ ಗೊತ್ತಾಗುತ್ತದೆ ಅಂತ ದಿನವೂ ಕೇಳುತ್ತಾರೆ. ಹಾಸನಕ್ಕೆ ಹೋಗಿ ನಾವೇ ಒಂದು ಸಿಟಿ ಸ್ಕ್ಯಾನ್ ಮಾಡಿಸಿಬಿಡೋಣವಾ?

ಕತ್ತಲೆ ಕೋಣೆ

ನಾನು ಮಂಗಳೂರಿನಲ್ಲಿ ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ಓದುವ ಡಾಕ್ಟರ್. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಅಕ್ಕ ನೀವು ಹೇಳಿದ ಹಾಗೇ ಇದ್ದರೆ ಸುಮ್ನೆ ಸ್ಕ್ಯಾನ್ ಬೇಡ. ಅವರ ಸರ್ಜನ್ ಹೇಳಿದ್ದು ಸರಿಯಾಗಿಯೇ ಇದೆ.

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಜಾಸ್ತಿ ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಅದರ ಎಡಬದಿಯುದ್ದಕ್ಕೂ ಸ್ಟೇಪ್ಲರ್ ಪಿನ್‌ಗಳ ಸಾಲು ಇರುತ್ತದೆ. ಆ ಸಾಲು ಎಲ್ಲಾದರೂ ಬಿಟ್ಟುಕೊಂಡರೆ ಲೀಕ್. ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಹೀಗಾಗಬಹುದು. ಆಗುವ ಜಾಗ ಮಾತ್ರ ಹೆಚ್ಚಾಗಿ ಒಂದೇ: ತೀರಾ ಮೇಲೆ, ಅನ್ನನಾಳ ಬಂದು ಜಠರಕ್ಕೆ ಸೇರುವ ಮೂಲೆಯಲ್ಲಿ. ಅಲ್ಲಿ ರಕ್ತ ಸಂಚಾರ ಕಡಿಮೆ. ಕೆಳಗೆ ಜಠರದ ಬಾಗಿಲು ಮೊದಲಿನ ಹಾಗೇ ಬಿಗಿಯಾಗಿರುವುದರಿಂದ ಕೊಳವೆಯೊಳಗೆ ಒತ್ತಡವೂ ಜಾಸ್ತಿ.

ಪಕ್ಕದ ಬೆಡ್‌ನವರಿಗೆ ಕುಡಿಸಿದ್ದು ಬಹುಶಃ ಗ್ಯಾಸ್ಟ್ರೋಗ್ರಾಫಿನ್. ನೀರಿನಲ್ಲಿ ಕರಗುವ, ಅಯೋಡಿನ್ ಇರುವ ಔಷಧ. ಕಹಿ, ಜೊತೆಗೆ ಸೋಂಪಿನ ವಾಸನೆ. ಎಕ್ಸ್-ರೇ ಯಂತ್ರದ ಮುಂದೆ ನಿಲ್ಲಿಸಿ ಒಂದೊಂದೇ ಗುಟುಕು ಕೊಡುತ್ತೇವೆ. ಪರದೆಯ ಮೇಲೆ ಅದು ತೆಳ್ಳಗೆ ಒಂದು ಎಳೆಯಾಗಿ ಇಳಿಯುವುದು ಕಾಣುತ್ತದೆ. ಎಳೆ ಪಕ್ಕಕ್ಕೆ ಹರಿದರೆ ಲೀಕ್, ಮಧ್ಯದಲ್ಲಿ ನಿಂತುಬಿಟ್ಟರೆ ಕೊಳವೆ ಮಡಚಿದೆ ಅಥವಾ ಊದಿಕೊಂಡಿದೆ ಅಂತ.

ಇಷ್ಟು ಚೆನ್ನಾಗಿದ್ದರೆ ಎಲ್ಲರಿಗೂ ಯಾಕೆ ಮಾಡಬಾರದು? ಸ್ಟೇಪ್ಲರ್ ಸರಿಯಾಗಿ ಕೂರದೆ ಆಗುವ ಲೀಕ್ ಮೊದಲ ಎರಡು ದಿನಗಳಲ್ಲೇ ಗೊತ್ತಾಗುತ್ತದೆ. ಆದರೆ ಅಂಚಿಗೆ ರಕ್ತ ಸಾಲದೆ ಆಗುವ ಲೀಕ್ ಸಾಮಾನ್ಯವಾಗಿ 5ನೇ, 6ನೇ, 7ನೇ ದಿನದ ಹೊತ್ತಿಗೆ. ಕೆಲವರಿಗೆ ಇನ್ನೂ ತಡ. ಅಂದರೆ ಮೊದಲ ದಿನ ನಾವು ಫೋಟೋ ತೆಗೆಯುವಾಗ ಆ ತೂತು ಹುಟ್ಟೇ ಇರುವುದಿಲ್ಲ. ಇದ್ದ ಸಣ್ಣ ಲೀಕ್ ಕೂಡ ಈ ಪರೀಕ್ಷೆಯಲ್ಲಿ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ.

ಲೆಕ್ಕದ ಮೇಷ್ಟ್ರು

ಡಾಕ್ಟ್ರೇ, ಒಪ್ಪಿದೆ. ಆದರೂ ಒಂದು ಅನುಮಾನ. ತಪ್ಪಿಸಿಕೊಂಡರೆ ತಪ್ಪಿಸಿಕೊಳ್ಳಲಿ, ಸಿಕ್ಕರೆ ಲಾಭ ತಾನೇ? ಮಾಡಿದರೆ ನಷ್ಟ ಏನು?

ಕತ್ತಲೆ ಕೋಣೆ

ಮೇಷ್ಟ್ರೇ, ನಷ್ಟ ಇದೆ. ದುಡ್ಡಿಗಿಂತ ದೊಡ್ಡ ನಷ್ಟ.

ಕೈಯಲ್ಲಿ "ಲೀಕ್ ಇಲ್ಲ" ಅಂತ ಬರೆದ ರಿಪೋರ್ಟ್ ಇರುತ್ತದೆ. ಆರನೇ ದಿನ ಹೊಟ್ಟೆ ನೋವು, ಎದೆ ಡವಡವ ಶುರುವಾಗುತ್ತದೆ. ಮನೆಯವರು ರಿಪೋರ್ಟ್ ನೋಡಿಕೊಂಡು "ಎಲ್ಲಾ ನಾರ್ಮಲ್ ಅಂದಿದ್ದಾರಲ್ಲ, ಗ್ಯಾಸ್ ಇರಬೇಕು" ಅಂತ ಒಂದು ರಾತ್ರಿ ಕಾಯುತ್ತಾರೆ. ಲೀಕ್ ಆದವರಿಗೆ ಒಂದು ರಾತ್ರಿ ಅಂದರೆ ಬಹಳ. ಸೋಂಕು ರಕ್ತಕ್ಕೆ ಸೇರಲು ಅಷ್ಟು ಸಾಕು. ನನಗೆ ಈ ಪರೀಕ್ಷೆಯ ಮೇಲೆ ಸಿಟ್ಟೇನೂ ಇಲ್ಲ. ಅದರ ರಿಪೋರ್ಟ್ ಕೊಡುವ ಸುಳ್ಳು ಧೈರ್ಯದ ಮೇಲೆ ಸಿಟ್ಟು.

ಪಿಜಿ ಹುಬ್ಬಳ್ಳಿ

ಸರ್, ನಾನು ಸರ್ಜರಿ ಪಿಜಿ ಮಾಡುತ್ತಿದ್ದೇನೆ. ನಿಮ್ಮ ಮಾತಿಗೆ ಪೂರ್ತಿ ಒಪ್ಪಿಗೆ ಇಲ್ಲ. ಒಮ್ಮೆ ಆಪರೇಷನ್ ಆಗಿ ಮತ್ತೆ ರಿವಿಷನ್‌ಗೆ ಬಂದವರಿಗೆ, ಆಪರೇಷನ್ ವೇಳೆ ಏನಾದರೂ ಕಷ್ಟ ಆದವರಿಗೆ ನಮ್ಮಲ್ಲಿ ಮೊದಲ ದಿನ ಕಾಂಟ್ರಾಸ್ಟ್ (ಚಿತ್ರದಲ್ಲಿ ಎದ್ದು ಕಾಣುವ ಔಷಧ) ಕುಡಿಸಿ ನೋಡುತ್ತೇವೆ. ಅಂಥವರಿಗೆ ಲೀಕ್ ಆಗುವ ಸಾಧ್ಯತೆಯೇ ಜಾಸ್ತಿ. ಇನ್ನು ಸ್ಲೀವ್ ಆದವರು ಗುಟುಕು ನೀರೂ ನಿಲ್ಲದ ಹಾಗೆ ವಾಂತಿ ಮಾಡುತ್ತಿದ್ದರೆ ಕೊಳವೆ ಎಲ್ಲಿ ಬಿಗಿಯಾಗಿದೆ ಅಂತ ಸಿಟಿಗಿಂತ ಇದರಲ್ಲೇ ಚೆನ್ನಾಗಿ ಕಾಣುತ್ತದೆ. ನೀರು ಇಳಿಯುವುದನ್ನು ಕಣ್ಣಾರೆ ನೋಡಬಹುದಲ್ವಾ.

ಕತ್ತಲೆ ಕೋಣೆ

ಇದು ನ್ಯಾಯವಾದ ಮಾತು. ಕಾರಣ ಇಟ್ಟುಕೊಂಡು ಮಾಡಿದರೆ ನನ್ನ ತಕರಾರಿಲ್ಲ. ಎಲ್ಲರಿಗೂ ವಾಡಿಕೆಯ ಹಾಗೆ ಮಾಡುವುದಕ್ಕೆ ಮಾತ್ರ ತಕರಾರು.

ನೈಟ್ ಡ್ಯೂಟಿ

ತಂಗಿ, ನಾನು ಬೇರಿಯಾಟ್ರಿಕ್, ಅಂದರೆ ಬೊಜ್ಜಿನ ಆಪರೇಷನ್ ವಾರ್ಡ್‌ನಲ್ಲಿ ನರ್ಸ್ ಆಗಿ ಬಹಳ ವರ್ಷದಿಂದ ಇದ್ದೇನೆ. ಅಮ್ಮನಿಗೆ ಹೇಳಿ, ಸ್ಕ್ಯಾನ್‌ಗಿಂತ ಮೊದಲು ನಾಡಿ ಮಾತಾಡುತ್ತದೆ ಅಂತ. ರಾತ್ರಿ ರೌಂಡ್ಸ್‌ನಲ್ಲಿ ನಮ್ಮ ಸರ್ಜನ್ ಮೊದಲು ಕೇಳುವುದೇ ನಾಡಿ ಎಷ್ಟು ಅಂತ. ಜ್ವರ ಆಮೇಲೆ.

ಅಕ್ಕ ಆರಾಮಾಗಿ ಕುಳಿತಿರುವಾಗ ಮಣಿಕಟ್ಟಿನ ಹತ್ತಿರ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಮೆಟ್ಟಿಲು ಹತ್ತಿ ಬಂದ ತಕ್ಷಣ ಬೇಡ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಸುಮ್ನೆ ಕುಳಿತಿದ್ದರೂ ನೂರು ದಾಟಿ ಅಲ್ಲೇ ನಿಂತರೆ ಆಸ್ಪತ್ರೆಗೆ ಫೋನ್ ಮಾಡಿ. 120 ದಾಟಿ ಇಳಿಯದೇ ಇದ್ದರೆ ಫೋನ್ ಮಾಡುತ್ತಲೇ ಹೊರಡಿ. ಎಡ ಭುಜಕ್ಕೆ ನೋವು ಬಂದರೆ, ಬಿಕ್ಕಳಿಕೆ ನಿಲ್ಲದಿದ್ದರೆ, ಉಸಿರು ಜೋರಾದರೆ, ಮೂತ್ರ ಕಡಿಮೆಯಾದರೆ, "ಏನೋ ಸರಿ ಇಲ್ಲ" ಅಂತ ಅವರೇ ಚಡಪಡಿಸಿದರೆ ಅದನ್ನೂ ತಳ್ಳಿಹಾಕಬೇಡಿ. ದಪ್ಪ ಇರುವವರಿಗೆ ಒಳಗೆ ಸೋಂಕಾದರೂ ಹೊಟ್ಟೆ ಗಟ್ಟಿಯಾಗುವುದು ಕೈಗೆ ಸಿಗುವುದಿಲ್ಲ. ಅದಕ್ಕೇ ಇಷ್ಟು ಹೇಳುವುದು.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಅಕ್ಕ ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ತೆಗೆದುಕೊಳ್ಳುತ್ತಾರಾ? ಅವು ನಾಡಿಯನ್ನು ಏರಲು ಬಿಡುವುದಿಲ್ಲ. ಅಂಥವರಿಗೆ 95 ಕೂಡ ಜಾಸ್ತಿಯೇ. ಫೋನ್ ಮಾಡುವಾಗ ಆ ಮಾತ್ರೆಯ ಹೆಸರು ಮರೆಯದೆ ಹೇಳಿ.

ಸಕಲೇಶಪುರದ ತಂಗಿ

ಹೌದು ಸಿಸ್ಟರ್, ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಾಳೆ! ಈಗಲೇ ಎಣಿಸಿದೆ, 78 ಇದೆ. ಹಾಗಾದರೆ ಅಕಸ್ಮಾತ್ ಏರಿದರೆ ಆಗ ಯಾವ ಸ್ಕ್ಯಾನ್? ಹಾಸನದಲ್ಲಿ ಮಾಡಿಸಿ ಬೆಂಗಳೂರಿಗೆ ಹೋಗುವುದಾ, ಸೀದಾ ಬೆಂಗಳೂರಿಗಾ?

ಕತ್ತಲೆ ಕೋಣೆ

ಮೊದಲು ಆಪರೇಷನ್ ಮಾಡಿದವರಿಗೆ ಫೋನ್. ಎಲ್ಲಿಗೆ ಹೋಗಬೇಕು ಅಂತ ಅವರೇ ಹೇಳಲಿ. ತಲೆ ಸುತ್ತು, ಬಿಪಿ ಇಳಿಯುವುದು, ರಕ್ತ ವಾಂತಿ, ಉಸಿರಾಟದ ತೊಂದರೆ ಇದ್ದರೆ ಮಾತ್ರ 108ಕ್ಕೆ ಕರೆ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಅಂಥ ಸ್ಥಿತಿಯಲ್ಲಿ ಬೆಂಗಳೂರಿನವರೆಗೆ ಓಡುವ ಹುಮ್ಮಸ್ಸು ಬೇಡ.

ಸ್ಕ್ಯಾನ್ ಅಂದರೆ ಸಿಟಿ. ಹೊಟ್ಟೆಯದು, ಬಾಯಿಗೂ ಕಾಂಟ್ರಾಸ್ಟ್, ರಕ್ತನಾಳಕ್ಕೂ ಕಾಂಟ್ರಾಸ್ಟ್. ಕೈಗೆ ಸೂಜಿ ಹಾಕಿರುತ್ತಾರೆ. ಮೇಜಿನ ಮೇಲೆ ಮಲಗುವ ಸ್ವಲ್ಪ ಮೊದಲು ತೆಳು ಕಾಂಟ್ರಾಸ್ಟ್ ಕುಡಿಸುತ್ತಾರೆ. ಇಡೀ ಲೋಟ ಬೇಕಿಲ್ಲ, ಆಗುವುದೂ ಇಲ್ಲ, ಕೊಳವೆ ತುಂಬುವಷ್ಟು ಸಾಕು. ರಕ್ತನಾಳಕ್ಕೆ ಔಷಧ ಹೋಗುವಾಗ ಮೈಯೆಲ್ಲ ಬಿಸಿಯಾಗುತ್ತದೆ, ಮೂತ್ರ ಹೋದಂತೆ ಅನಿಸುತ್ತದೆ. ಹೋಗಿರುವುದಿಲ್ಲ. ಉಸಿರು ಹಿಡಿಯಿರಿ ಅಂದಾಗ ಹಿಡಿದರೆ ಕೆಲವೇ ಸೆಕೆಂಡ್‌ಗಳಲ್ಲಿ ಮುಗಿಯಿತು.

ಬೇರಿಯಮ್ ಅನ್ನುವ ಇನ್ನೊಂದು ಕಾಂಟ್ರಾಸ್ಟ್ ಮಾತ್ರ ಲೀಕ್ ಅನುಮಾನ ಇರುವವರಿಗೆ ಕುಡಿಸಬಾರದು. ಹೊಟ್ಟೆಯೊಳಗೆ ಚೆಲ್ಲಿದರೆ ಅದು ಕರಗಿ ಹೋಗುವುದಿಲ್ಲ, ದೊಡ್ಡ ಉರಿಯೂತ ಮಾಡುತ್ತದೆ. ಹಾಗೆಯೇ ಗ್ಯಾಸ್ಟ್ರೋಗ್ರಾಫಿನ್ ಶ್ವಾಸಕೋಶಕ್ಕೆ ಹೋದರೆ ಅಪಾಯ. ಕೆಮ್ಮಿ ಉಸಿರಿಗೆ ಎಳೆದುಕೊಳ್ಳುವ ಸಾಧ್ಯತೆ ಇದ್ದರೆ ನಾವು ಬೇರೆ ಬಗೆಯ ಅಯೋಡಿನ್ ಕಾಂಟ್ರಾಸ್ಟ್ ಕೊಡುತ್ತೇವೆ.

ಸಿಟಿಯಲ್ಲಿ ನಾನು ಏನು ಹುಡುಕುತ್ತೇನೆ ಅಂದರೆ, ಪಿನ್ ಸಾಲಿನ ಹೊರಗೆ ಕಾಂಟ್ರಾಸ್ಟ್ ಇದೆಯಾ, ಗಾಳಿಯ ಗುಳ್ಳೆ ಇದೆಯಾ, ಎಡ ವಪೆಯ (ಎದೆ, ಹೊಟ್ಟೆ ನಡುವಿನ ಪರದೆ) ಕೆಳಗೆ ನೀರು ನಿಂತಿದೆಯಾ, ಎಡ ಶ್ವಾಸಕೋಶದ ಸುತ್ತ ನೀರು ಇದೆಯಾ. ಎದೆಯಲ್ಲಿ ರಕ್ತ ಹೆಪ್ಪುಗಟ್ಟಿದ ಅನುಮಾನ ಇದ್ದರೆ ಅದೇ ಹೊತ್ತಿನಲ್ಲಿ ಎದೆಯ ಸಿಟಿಯನ್ನೂ ಮಾಡಬಹುದು. ಆದರೆ ಔಷಧ ಬಿಟ್ಟ ಮೇಲೆ ಚಿತ್ರ ತೆಗೆಯುವ ಸಮಯ ಎರಡಕ್ಕೂ ಬೇರೆ, ಹಾಗಾಗಿ ಮೊದಲೇ ಹೇಳಿರಬೇಕು.

ಒಂದು ಕೇಸ್ ಹೇಳುತ್ತೇನೆ, ಗುರುತು ಸಿಗುವ ವಿವರ ಬಿಟ್ಟು. ಸ್ಲೀವ್ ಆಗಿ ಕೆಲವು ದಿನ ಕಳೆದಿದ್ದ ಹೆಣ್ಣುಮಗಳು, ನಾಡಿ 130ರ ಹತ್ತಿರ. ಸಿಟಿಯಲ್ಲಿ ಕಾಂಟ್ರಾಸ್ಟ್ ಒಂದು ತೊಟ್ಟೂ ಹೊರಗೆ ಬಂದಿರಲಿಲ್ಲ. ಮೇಲ್ತುದಿಯ ಪಿನ್‌ಗಳ ಪಕ್ಕ, ಸ್ಪ್ಲೀನ್ (ಗುಲ್ಮ) ಕಡೆಗೆ, ಸಾಸಿವೆ ಕಾಳಿನಷ್ಟು ಮೂರು ನಾಲ್ಕು ಗಾಳಿಯ ಗುಳ್ಳೆ. ಸುತ್ತಲಿನ ಕೊಬ್ಬು ಸ್ವಲ್ಪ ಮಸುಕು. ಇಷ್ಟೇ. ಲ್ಯಾಪ್ರೊಸ್ಕೋಪಿಗೆ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್‌ಗೆ, ಹೊಟ್ಟೆಗೆ ತುಂಬುವುದು ಕಾರ್ಬನ್ ಡೈಆಕ್ಸೈಡ್, ಅದು ಬೇಗ ಹೀರಿಹೋಗುತ್ತದೆ. ಇಷ್ಟು ದಿನ ಆದ ಮೇಲೆ, ಅದೂ ಅದೇ ಮೂಲೆಯಲ್ಲಿ ಗುಳ್ಳೆ ಇರಬಾರದು. "ಲೀಕ್ ಕಾಣಿಸಲಿಲ್ಲ, ಆದರೆ ಅನುಮಾನ ಬಲವಾಗಿದೆ" ಅಂತ ನಾನೇ ಸರ್ಜನ್‌ಗೆ ಫೋನ್ ಮಾಡಿದೆ. ಅವರು ನಾಡಿ ನೋಡಿಯೇ ಆಪರೇಷನ್ ಥಿಯೇಟರ್ ಸಿದ್ಧ ಮಾಡಿಸಿದ್ದರು. ಒಳಗೆ ಸಣ್ಣ ತೂತು ಸಿಕ್ಕಿತು. ತೊಳೆದು, ಡ್ರೈನ್ ಪೈಪ್ ಇಟ್ಟು, ಆಮೇಲೆ ಎಂಡೋಸ್ಕೋಪಿಯಲ್ಲಿ ಸ್ಟೆಂಟ್ ಹಾಕಿದರು. ಬಹಳ ದಿನ ಆಸ್ಪತ್ರೆಯಲ್ಲಿದ್ದರು, ಆದರೆ ನಡೆದುಕೊಂಡೇ ಮನೆಗೆ ಹೋದರು.

ಸಿಟಿ ಒಳ್ಳೆಯದು, ಆದರೆ ಸಿಟಿ ನಾರ್ಮಲ್ ಅಂದ ಮಾತ್ರಕ್ಕೆ ಲೀಕ್ ಇಲ್ಲ ಅಂತಲ್ಲ. ಅಮೆರಿಕದ ಮೆಟಬಾಲಿಕ್ ಮತ್ತು ಬೇರಿಯಾಟ್ರಿಕ್ ಸರ್ಜರಿ ಸಂಘ 2015ರ ತನ್ನ ನಿಲುವಿನಲ್ಲಿ ಇದನ್ನೇ ಹೇಳಿದೆ: ಪೇಷಂಟ್ ಸ್ಥಿತಿ ಅನುಮಾನ ಹುಟ್ಟಿಸುವಂತಿದ್ದರೆ, ಸ್ಕ್ಯಾನ್ ಏನೇ ಹೇಳಲಿ, ಮತ್ತೆ ಆಪರೇಷನ್ ಮಾಡಿ ಹೊಟ್ಟೆಯೊಳಗೆ ನೋಡುವುದಕ್ಕೆ ಹಿಂಜರಿಯಬಾರದು.

ದಾವಣಗೆರೆ ಬೈಪಾಸ್

ಇಲ್ಲಿ ಎಲ್ಲರೂ ಸ್ಲೀವ್ ಬಗ್ಗೆ ಹೇಳುತ್ತಿದ್ದೀರಿ. ನನಗೆ ಆಗಿದ್ದು ಗ್ಯಾಸ್ಟ್ರಿಕ್ ಬೈಪಾಸ್. ಮನೆಗೆ ಬಂದ ಮೇಲೆ ಮೇಲ್ಹೊಟ್ಟೆ ಎಡಗಡೆ ಉಬ್ಬಿಕೊಂಡು ನೋವು, ತೇಗು ಬರುತ್ತಿರಲಿಲ್ಲ, ವಾಂತಿಯೂ ಹೆಚ್ಚಿಲ್ಲ. ಊರಿನ ಒಂದು ನರ್ಸಿಂಗ್ ಹೋಮ್‌ಗೆ ಹೋದೆವು. ನಿಲ್ಲಿಸಿ ಎಕ್ಸ್-ರೇ ತೆಗೆದರು, "ಕರುಳು ಕಟ್ಟಿಕೊಂಡಿಲ್ಲ, ಗ್ಯಾಸ್" ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ನೋವು ಜಾಸ್ತಿಯಾಗಿ ನನ್ನ ಹೆಂಡತಿಯೇ ಹಟ ಹಿಡಿದು ಸರ್ಜನ್‌ಗೆ ಫೋನ್ ಮಾಡಿದಳು. ಅವರು ಎಕ್ಸ್-ರೇ ವಿಷಯ ಕೇಳಲೇ ಇಲ್ಲ, ಸಿಟಿ ಮಾಡಿಸಿ ಈಗಲೇ ಬನ್ನಿ ಅಂದರು. ಸಿಟಿಯಲ್ಲಿ, ಊಟ ಹೋಗದ ಹಳೆ ಜಠರ ಇದೆಯಲ್ಲ, ಅದು ನೀರು ತುಂಬಿ ಊದಿಕೊಂಡಿತ್ತು. ರಾತ್ರಿಯೇ ಮತ್ತೆ ಆಪರೇಷನ್. ಎಕ್ಸ್-ರೇಯಲ್ಲಿ ಯಾಕೆ ಕಾಣಲಿಲ್ಲ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಕತ್ತಲೆ ಕೋಣೆ

ಅಣ್ಣಾ, ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ಹೇಳಿ.

ಬೈಪಾಸ್‌ನಲ್ಲಿ ಮೇಲೆ ಸುಮಾರು 30 ಮಿಲಿ ಹಿಡಿಯುವ ಪುಟ್ಟ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳು ಜೋಡಿಸುತ್ತಾರೆ. ಊಟ ಆ ದಾರಿಯಲ್ಲಿ ಹೋಗುತ್ತದೆ. ದೊಡ್ಡ ಜಠರವನ್ನು ತೆಗೆಯುವುದಿಲ್ಲ, ಒಳಗೇ ಬಿಡುತ್ತಾರೆ. ಅದರ ರಸ, ಪಿತ್ತ, ಮೇದೋಜೀರಕ ರಸ ಇನ್ನೊಂದು ದಾರಿಯಲ್ಲಿ ಬಂದು ಕೆಳಗಿನ ಜೋಡಣೆಯಲ್ಲಿ ಊಟಕ್ಕೆ ಸೇರುತ್ತವೆ. ಆ ಕೆಳಗಿನ ಜೋಡಣೆಯ ಹತ್ತಿರ ಕಟ್ಟಿಕೊಂಡರೆ ರಸಕ್ಕೆ ಹೋಗಲು ದಾರಿಯೇ ಇಲ್ಲ. ಬಾಯಿಗೂ ಬರುವ ಹಾಗಿಲ್ಲ, ಕೆಳಗೂ ಇಳಿಯುವ ಹಾಗಿಲ್ಲ. ಹಳೆ ಜಠರ ಊದುತ್ತಲೇ ಹೋಗುತ್ತದೆ, ಬಿಟ್ಟರೆ ಒಡೆಯುತ್ತದೆ.

ಎಕ್ಸ್-ರೇಯಲ್ಲಿ ನಮಗೆ ಎದ್ದು ಕಾಣುವುದು ಗಾಳಿ. ನಿಮ್ಮ ಜಠರದಲ್ಲಿ ಇದ್ದದ್ದು ಬರೀ ನೀರು, ನುಂಗಿದ ಗಾಳಿ ಅಲ್ಲಿಗೆ ಹೋಗುವುದೇ ಇಲ್ಲ. ಅದಕ್ಕೇ ಕಾಣಲಿಲ್ಲ. ಕಾಂಟ್ರಾಸ್ಟ್ ಕುಡಿಸಿದರೂ ಆ ಕಡೆ ಹೋಗುತ್ತಿರಲಿಲ್ಲ. ಬೈಪಾಸ್ ಆದವರಲ್ಲಿ ಇಂಥ ಅನುಮಾನಕ್ಕೆ ಸಿಟಿಯೇ ಬೇಕು, ಅದನ್ನು ಓದುವವರಿಗೆ ಇವರಿಗೆ ಬೈಪಾಸ್ ಆಗಿದೆ ಅನ್ನುವುದು ಗೊತ್ತಿರಲೇಬೇಕು. ಸ್ಕ್ಯಾನ್ ಫಾರ್ಮ್‌ನಲ್ಲಿ "ಹೊಟ್ಟೆ ನೋವು" ಅಂತಷ್ಟೇ ಬರೆದು ಕಳಿಸಿದರೆ ನಾವು ಅರ್ಧ ಕುರುಡರು.

ತೂಕ ಬಹಳ ಇಳಿದ ಮೇಲೆ, ತಿಂಗಳುಗಳು ವರ್ಷಗಳು ಕಳೆದು, ಬೈಪಾಸ್ ಆದವರಿಗೆ ಕರುಳು ಒಳಗಿನ ಸಂದಿಯಲ್ಲಿ ಸಿಕ್ಕಿಹಾಕಿಕೊಳ್ಳುವುದೂ ಉಂಟು. ಸಿಟಿಯಲ್ಲಿ ರಕ್ತನಾಳಗಳು ಸುರುಳಿ ಸುತ್ತಿದ ಹಾಗೆ ಕಾಣುತ್ತವೆ. ಬಂದು ಹೋಗುವ ನೋವಾದರೆ, ನೋವಿಲ್ಲದ ಹೊತ್ತಿನ ಸ್ಕ್ಯಾನ್ ನಾರ್ಮಲ್ ಇರಬಹುದು. ಅದು ಬೇರೆಯೇ ದೊಡ್ಡ ವಿಷಯ, ಇಲ್ಲಿಗೆ ಸಾಕು.

ನೈಟ್ ಡ್ಯೂಟಿ

ಇದಕ್ಕೆ ಒಂದು ಸೇರಿಸುತ್ತೇನೆ. ಹೊಟ್ಟೆ ಉಬ್ಬರ ಅಂತ ಹೋದರೆ ಕ್ಯಾಶುವಾಲ್ಟಿಯಲ್ಲಿ ಮೊದಲು ಮಾಡುವುದೇ ಮೂಗಿನಿಂದ ರೈಲ್ಸ್ ಟ್ಯೂಬ್ ಇಳಿಸುವುದು. ಹೊಸದಾಗಿ ಸ್ಲೀವ್, ಬೈಪಾಸ್ ಆದವರಿಗೆ ಹಾಗೆ ಅಂದಾಜಿನ ಮೇಲೆ ಇಳಿಸಬಾರದು. ಹಸಿ ಹೊಲಿಗೆಯನ್ನೇ ಚುಚ್ಚಿಬಿಡಬಹುದು. ಟ್ಯೂಬ್ ಹಿಡಿದು ಬಂದರೆ "ಬೇರಿಯಾಟ್ರಿಕ್ ಆಪರೇಷನ್ ಆಗಿದೆ, ನಮ್ಮ ಸರ್ಜನ್ ಹತ್ತಿರ ಒಂದು ಮಾತು ಕೇಳಿ" ಅಂತ ಧೈರ್ಯವಾಗಿ ಹೇಳಿ. ಯಾರೂ ಬೈಯುವುದಿಲ್ಲ. ಬೈದರೂ ಪರವಾಗಿಲ್ಲ.

ಲೆಕ್ಕದ ಮೇಷ್ಟ್ರು

ಸಿಟಿಯಲ್ಲಿ ವಿಕಿರಣ ಎಷ್ಟು? ಮತ್ತೆ ತೂಕ ಜಾಸ್ತಿ ಇರುವವರು ಆ ಯಂತ್ರದಲ್ಲಿ ಹಿಡಿಸುತ್ತಾರಾ? ಕಿಡ್ನಿಗೆ ತೊಂದರೆ ಅಂತಲೂ ಕೇಳಿದ್ದೇನೆ.

ಕತ್ತಲೆ ಕೋಣೆ

ಹೊಟ್ಟೆಯ ಸಿಟಿಗೆ ಸುಮಾರು 8ರಿಂದ 10 ಮಿಲಿಸೀವರ್ಟ್, ದಪ್ಪ ಮೈಯವರಿಗೆ ಇನ್ನೂ ಜಾಸ್ತಿ. ಭೂಮಿ, ಗಾಳಿ, ಆಕಾಶದಿಂದ ನಮಗೆ ಹೇಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಿಗುತ್ತದೆ. ಅಂದರೆ ಮೂರು ನಾಲ್ಕು ವರ್ಷದ ಪಾಲು ಒಂದೇ ಸಲಕ್ಕೆ. ಅನುಮಾನ ಇದ್ದಾಗ ಇದು ಲೆಕ್ಕಕ್ಕೇ ಇಲ್ಲ. ಅಮ್ಮನ ಸಮಾಧಾನಕ್ಕೆ ಅಂತ ಮಾಡಿಸುವುದಾದರೆ ಲೆಕ್ಕಕ್ಕೆ ಬರುತ್ತದೆ.

ಯಂತ್ರದ ವೃತ್ತ ಸಾಮಾನ್ಯವಾಗಿ 70 ಸೆಂಟಿಮೀಟರ್ ಅಗಲ. ಮೇಜು 200 ಕಿಲೋ ಆಸುಪಾಸು ತಡೆಯುತ್ತದೆ, ಮಾದರಿಯ ಮೇಲೆ ಹೆಚ್ಚುಕಡಿಮೆ. ವೃತ್ತದಲ್ಲಿ ಹಿಡಿಸಿದರೂ ಪೂರ್ತಿ ಚಿತ್ರ ಬರುವುದು ನಡುವಿನ 50 ಸೆಂಟಿಮೀಟರ್‌ಗೆ ಮಾತ್ರ, ಅಂಚು ಕತ್ತರಿಸಿಹೋಗುತ್ತದೆ. ಹಾಗಾಗಿ ತೂಕ ಬಹಳ ಇದ್ದರೆ ಹೊರಡುವ ಮೊದಲೇ ಸ್ಕ್ಯಾನ್ ಸೆಂಟರ್‌ಗೆ ಫೋನ್ ಮಾಡಿ ತೂಕ ಹೇಳಿ. ಪೇಷಂಟ್ ಮುಂದೆ "ಆಗುವುದಿಲ್ಲ" ಅನ್ನಿಸಿಕೊಳ್ಳುವ ನೋವಾದರೂ ತಪ್ಪುತ್ತದೆ.

ಕಿಡ್ನಿಗೆ ಕ್ರಿಯೇಟಿನಿನ್ ಅನ್ನುವ ರಕ್ತ ಪರೀಕ್ಷೆ ನೋಡುತ್ತೇವೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದು, ಹಿಂದೆ ಕಾಂಟ್ರಾಸ್ಟ್‌ಗೆ ಅಲರ್ಜಿ ಆಗಿದ್ದರೆ ಅದು, ಎರಡನ್ನೂ ಹೇಳಿ. ಜೀವಕ್ಕೆ ಅಪಾಯ ಅನಿಸಿದರೆ ಆ ರಿಪೋರ್ಟ್‌ಗೂ ಕಾಯುವುದಿಲ್ಲ.

ಅಲ್ಟ್ರಾಸೌಂಡ್ ಸಾಲದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಲೀಕ್‌ಗೆ ಸಾಲದು, ಕೊಬ್ಬು ಮತ್ತು ಗಾಳಿಯ ಆಚೆ ಅದು ನೋಡಲಾರದು. ಕಾಲಿನ ರಕ್ತನಾಳದಲ್ಲಿ ಹೆಪ್ಪು ಹುಡುಕಲು, ಆಮೇಲೆ ತೂಕ ಇಳಿಯುವಾಗ ಆಗುವ ಪಿತ್ತಕೋಶದ ಕಲ್ಲಿಗೆ ಅದೇ ಒಳ್ಳೆಯದು.

ಶಾರ್ಜಾದಿಂದ

ನಾನು ಉಡುಪಿಯವನು. ರಜೆಗೆ ಬಂದು ಸ್ಲೀವ್ ಮಾಡಿಸಿಕೊಂಡಿದ್ದೇನೆ. ಇನ್ನೇನು ವಾಪಸ್ ಹೊರಡಬೇಕು. ಅಲ್ಲಿ ನನ್ನ ಸರ್ಜನ್ ಇರುವುದಿಲ್ಲ. ಹೋಗುವ ಮೊದಲು ಸ್ಕ್ಯಾನ್ ಬೇಕಾ? ಏನು ಜೊತೆಗೆ ಒಯ್ಯಬೇಕು?

ಕತ್ತಲೆ ಕೋಣೆ

ಚೆನ್ನಾಗಿದ್ದರೆ ನಿಮಗೂ ಅದೇ ಉತ್ತರ, ಬೇಡ. ಆದರೆ ವಿಮಾನ ಹತ್ತುವ ದಿನ ಯಾವುದು ಅಂತ ಸರ್ಜನ್ ಹತ್ತಿರ ಕೇಳಿಯೇ ಟಿಕೆಟ್ ಮಾಡಿ. ಲೀಕ್ ಆಪರೇಷನ್ ಆದ ಎರಡು ಮೂರು ವಾರದ ಮೇಲೂ ಬರಬಹುದು. ಜೊತೆಗೆ ಇನ್ನೊಂದು ಇದೆ, ಅದರ ಬಗ್ಗೆ ಜನರಿಗೆ ಗೊತ್ತೇ ಇಲ್ಲ. ಕರುಳಿನಿಂದ ಲಿವರ್‌ಗೆ ರಕ್ತ ಒಯ್ಯುವ ದೊಡ್ಡ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ಅಪರೂಪ, ಆದರೆ ಸ್ಲೀವ್ ಆದವರಿಗೆ ಹೆಚ್ಚಾಗಿ ಎರಡು ವಾರದ ಹೊತ್ತಿಗೆ ಬರುತ್ತದೆ. ಇಲ್ಲೇ ಅಂತ ಬೆರಳಿಟ್ಟು ತೋರಿಸಲಾಗದ ಹೊಟ್ಟೆ ನೋವು, ವಾಕರಿಕೆ, ಅಷ್ಟೇ. ನೀರು ಸಾಲದೆ ಒಣಗಿದವರಿಗೆ ಅಪಾಯ ಜಾಸ್ತಿ. ಸಿಟಿಯಲ್ಲಿ ಕಾಂಟ್ರಾಸ್ಟ್ ಬಿಟ್ಟು ಸುಮಾರು 70 ಸೆಕೆಂಡ್ ಆದ ಮೇಲೆ ತೆಗೆದ ಚಿತ್ರದಲ್ಲಿ ಆ ನಾಳ ಚೆನ್ನಾಗಿ ಕಾಣುತ್ತದೆ. ಹೆಚ್ಚಿನವರಿಗೆ ರಕ್ತ ತೆಳುವಾಗಿಸುವ ಔಷಧವೇ ಸಾಕಾಗುತ್ತದೆ, ಬೇಗ ಸಿಕ್ಕರೆ. ಹಾಗಾಗಿ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಿ, ಓಡಾಡುತ್ತಿರಿ, ರಕ್ತ ತೆಳುವಾಗಲು ಚುಚ್ಚುಮದ್ದು ಬರೆದಿದ್ದರೆ ಕೋರ್ಸ್ ಮುಗಿಸಿ.

ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ಥಯಾಮಿನ್, ಅಂದರೆ ವಿಟಮಿನ್ ಬಿ1 ಬಗ್ಗೆ ನೀವೇ ನೆನಪಿಸಿ. ಗ್ಲೂಕೋಸ್ ಡ್ರಿಪ್‌ಗೆ ಮೊದಲು ಅದು ಹೋಗಬೇಕು. ಇಲ್ಲದಿದ್ದರೆ ಮೆದುಳಿಗೆ ಪೆಟ್ಟಾಗಬಹುದು. ಕಣ್ಣು ಎರಡೆರಡು ಕಂಡರೆ, ನಡಿಗೆ ತೂರಾಡಿದರೆ ಎಂಆರ್‌ಐ ಆಗಲಿ ಅಂತ ಕಾಯುವ ವಿಷಯ ಅದಲ್ಲ, ಮೊದಲು ಇಂಜೆಕ್ಷನ್.

ಒಯ್ಯಬೇಕಾದ್ದು ಡಿಸ್ಚಾರ್ಜ್ ಸಮ್ಮರಿ ಮತ್ತು ಆಪರೇಷನ್ ನೋಟ್. ಯಾವ ಆಪರೇಷನ್, ಯಾವ ದಿನ, ಎಲ್ಲಿ ಹೊಲಿದಿದ್ದಾರೆ ಅನ್ನುವುದು ಅದರಲ್ಲಿ ಇರುತ್ತದೆ. ಸ್ಕ್ಯಾನ್ ಏನಾದರೂ ಆಗಿದ್ದರೆ ಅದರ ಸಿಡಿ ತೆಗೆದುಕೊಳ್ಳಿ. ಫಿಲ್ಮನ್ನು ಕಿಟಕಿಗೆ ಹಿಡಿದು ತೆಗೆದ ಮೊಬೈಲ್ ಫೋಟೋ ನಮಗೆ ಉಪಯೋಗಕ್ಕೆ ಬರುವುದಿಲ್ಲ. ಸಾಸಿವೆ ಕಾಳಿನಷ್ಟು ಗುಳ್ಳೆ ಅದರಲ್ಲಿ ಎಲ್ಲಿ ಕಾಣಬೇಕು?

ಶಾರ್ಜಾದಿಂದ

ಆಪರೇಷನ್ ನೋಟ್ ಕೇಳಿದೆ ಸರ್. ಅದು ಆಸ್ಪತ್ರೆಯ ದಾಖಲೆ, ಕೊಡುವುದಿಲ್ಲ ಅಂದರು.

ಪಿಜಿ ಹುಬ್ಬಳ್ಳಿ

ಕೊಡಬೇಕು. ಕೌಂಟರ್‌ನಲ್ಲಿ ಬಾಯಿಮಾತಿನಲ್ಲಿ ಕೇಳಬೇಡಿ, ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದ ಪ್ರಕಾರ ಪೇಷಂಟ್ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಹೊರಡುವ ದಿನ ಹತ್ತಿರ ಇದ್ದರೆ ನಾಳೆ ಬೆಳಿಗ್ಗೆಯೇ ಕೊಟ್ಟುಬಿಡಿ. ಅರ್ಜಿಯಲ್ಲಿ ಐಪಿ (ಒಳರೋಗಿ) ನಂಬರ್ ಬರೆಯಲು ಮರೆಯಬೇಡಿ, ಅದಿಲ್ಲದೆ ಫೈಲ್ ಹುಡುಕುವುದು ತಡವಾಗುತ್ತದೆ.